ಬೇಸಿಗೆ ರಜೆಯಲ್ಲಿ ಸರ್ಕಾರಿ ಶಾಲೆಯ ಗೇಟು ತೆರೆದಿರಲಿ

ಮಾನ್ಯ ಸಂಪಾದಕರೇ,

ದಾವಣಗೆರೆಯ ಬೇಸಿಗೆ ಶಿಬಿರಗಳ ಪಟ್ಟಿಯೊಂದು ನಿಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಬಂದಿತ್ತು. ಈಜು, ಸ್ಕೇಟಿಂಗ್, ಚಿತ್ರಕಲೆ, ಅಬ್ಯಾಕಸ್, ರೋಬೋಟಿಕ್ಸ್ ಎಲ್ಲವೂ ಅದರಲ್ಲಿದ್ದವು. ಒಳ್ಳೆಯದೇ, ಮಕ್ಕಳು ಕಲಿಯಲಿ. ಆದರೆ ಶುಲ್ಕವಿಲ್ಲದ ಶಿಬಿರ ಅದರಲ್ಲಿ ಒಂದೂ ಇರಲಿಲ್ಲ. ಹದಿಮೂರು ದಾಟಿದ, ಮನೆಯ ದುಡಿಮೆಗೆ ಆಗಲೇ ಹೆಗಲು ಕೊಟ್ಟಿರುವ ಹುಡುಗ ಹುಡುಗಿಯರನ್ನು ನೆನೆದು ಮಾಡಿದ್ದಂತೂ ಇರಲೇ ಇಲ್ಲ. ಅಂಥದ್ದೊಂದು ಶಿಬಿರದಲ್ಲಿ ಹೊಲಿಗೆ ಕಲಿಸಿದವಳು ನಾನು. ಈ ವರ್ಷ ಅದು ನಡೆಯಲಿಲ್ಲ. ಅದು ಯಾಕೆ ನಿಂತಿತು, ಯಾಕೆ ನಿಲ್ಲಬಾರದಿತ್ತು ಎಂದು ಹೇಳಲು ಈ ಪತ್ರ.

ನಿಟ್ಟುವಳ್ಳಿಯಲ್ಲಿ ನನ್ನದೊಂದು ಹೊಲಿಗೆ ಅಂಗಡಿ ಇದೆ. ಮೇ ತಿಂಗಳು ನಮ್ಮ ಕಸುಬಿನವರಿಗೆ ಉಸಿರಾಡಲೂ ಬಿಡುವಿರದ ಕಾಲ. ಮದುವೆಯ ರವಿಕೆಗಳು ಒಂದು ಕಡೆ, ಶಾಲೆ ಶುರುವಾಗುವ ಮೊದಲು ಮುಗಿಸಬೇಕಾದ ಸಮವಸ್ತ್ರಗಳು ಇನ್ನೊಂದು ಕಡೆ. ಅಂಥ ದಿನಗಳಲ್ಲಿ ಬೆಳಗಿನ ಹೊತ್ತು ಅಂಗಡಿಯ ಬಾಗಿಲು ಹಾಕಿ ಶಿಬಿರಕ್ಕೆ ಹೋಗುತ್ತಿದ್ದೆ. ನನ್ನ ಜೊತೆ ನಿವೃತ್ತ ಗಣಿತ ಮೇಷ್ಟ್ರು ಒಬ್ಬರು, ಐಟಿಐಯಲ್ಲಿ ಎಲೆಕ್ಟ್ರೀಷಿಯನ್ ವಿಭಾಗದಲ್ಲಿ ಕಲಿಸುವವರು ಒಬ್ಬರು, ವಿಶ್ವವಿದ್ಯಾಲಯದಲ್ಲಿ ಎಂ.ಎ. ಓದುತ್ತಿದ್ದ ಇಬ್ಬರು ಹುಡುಗಿಯರು ಇದ್ದರು. ಯಾರೂ ಸಂಬಳಕ್ಕೆ ಬಂದವರಲ್ಲ.

ಶಿಬಿರ ನಡೆದದ್ದು ಮಂಡಕ್ಕಿ ಭಟ್ಟಿಗಳಿಗೆ ಹತ್ತಿರವಿರುವ ಒಂದು ಸರ್ಕಾರಿ ಶಾಲೆಯಲ್ಲಿ. ಬೆಣ್ಣೆ ದೋಸೆಯಷ್ಟೇ ಈ ಊರಿಗೆ ಹೆಸರು ತಂದದ್ದು ಮಂಡಕ್ಕಿ. ಸಂಜೆ ಮಿರ್ಚಿಯ ಜೊತೆ ಅದನ್ನು ತಿನ್ನುವ ನಾವು ಭತ್ತ ನೆನೆಸುವವರ, ಕಾದ ಮರಳಿನ ಮುಂದೆ ನಿಂತು ಹುರಿಯುವವರ, ಚೀಲ ತುಂಬುವವರ ಮನೆಯ ಮಕ್ಕಳನ್ನು ಕಾಣುವುದು ಕಡಿಮೆ. ಶಾಲೆ ನಡೆಯುವಾಗ ಈ ಮಕ್ಕಳು ತರಗತಿಯಲ್ಲಿರುತ್ತಾರೆ. ಏಪ್ರಿಲ್ ಎರಡನೇ ವಾರ ಶಾಲೆಗೆ ಬೀಗ ಬಿದ್ದರೆ ಮೇ ಕೊನೆಯವರೆಗೂ ಅವರ ಕಡೆ ನೋಡುವವರಿಲ್ಲ. 1986ರ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿಯಾದ ಮೇಲೆ 14 ವರ್ಷದೊಳಗಿನ ಮಕ್ಕಳನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ, 18ರವರೆಗೆ ಅಪಾಯದ ಕೆಲಸಕ್ಕೆ ಹಚ್ಚುವಂತಿಲ್ಲ. ಆದರೆ ಅಪಾಯವಿಲ್ಲದ ಮನೆತನದ ಉದ್ಯೋಗದಲ್ಲಿ ಶಾಲೆಯ ವೇಳೆಯ ನಂತರ ಅಥವಾ ರಜೆಯಲ್ಲಿ ಮಗು ನೆರವಾಗಬಹುದು ಎಂದು ಅದೇ ಕಾಯ್ದೆ ಬಿಟ್ಟುಕೊಟ್ಟಿದೆ. ಯಾವುದು ಅಪಾಯ, ಯಾವುದು ಮನೆಗೆಲಸ ಎಂದು ಮೇ ತಿಂಗಳ ಬಿಸಿಲಿನಲ್ಲಿ ಓಣಿ ಓಣಿಗೆ ಹೋಗಿ ಅಳೆಯುವವರು ಯಾರು? ರಜೆಯಲ್ಲಿ ಕೆಲಸಕ್ಕೆ ಹೋದ ಹುಡುಗ ಜೂನ್‌ನಲ್ಲಿ ಒಂದು ವಾರ ತಡವಾಗಿ ಬರುತ್ತಾನೆ, ಮರು ವರ್ಷ ಒಂದು ತಿಂಗಳು ತಡವಾಗಿ ಬರುತ್ತಾನೆ, ಆಮೇಲೆ ಬರುವುದೇ ಇಲ್ಲ. ನನ್ನ ಅಂಗಡಿಯ ಮುಂದೆ ಹಾದುಹೋಗುವ ಮುಖಗಳಲ್ಲೇ ಇದನ್ನು ನೋಡುತ್ತ ಬಂದಿದ್ದೇನೆ.

ಸುಮಾರು ನಲವತ್ತು ಮಕ್ಕಳು ಬರುತ್ತಿದ್ದರು. ಕನ್ನಡ ಮಾಧ್ಯಮದವರಷ್ಟೇ ಉರ್ದು ಮಾಧ್ಯಮದವರೂ ಇದ್ದರು. ನಸುಕಿನಲ್ಲೇ ಎದ್ದು ಮನೆಯ ಕೆಲಸ ಮುಗಿಸಿ ಬರುವವರು ಅವರು. ಹತ್ತು ಗಂಟೆಯ ಶಿಬಿರ ಎಂದರೆ ಡೆಸ್ಕಿನ ಮೇಲೆ ತಲೆಯಿಟ್ಟು ನಿದ್ದೆ ಹೋಗುತ್ತಾರೆ. ಅದಕ್ಕೆ ಏಳೂವರೆಗೆ ಶುರು ಮಾಡಿ ಬಿಸಿಲೇರುವ ಮೊದಲು ಮುಗಿಸುತ್ತಿದ್ದೆವು. ಶುಕ್ರವಾರ ಇನ್ನೂ ಬೇಗ ಬಿಡುತ್ತಿದ್ದೆವು. ತಮ್ಮ ತಂಗಿಯರನ್ನು ಕಂಕುಳಲ್ಲಿ ಎತ್ತಿಕೊಂಡು ಬರುವ ಹುಡುಗಿಯರಿದ್ದರು. ಕೂಸನ್ನು ಬಿಟ್ಟು ಬಾ ಎಂದರೆ ಅವಳೂ ಬರುವುದಿಲ್ಲ. ಮೂಲೆಯಲ್ಲಿ ಒಂದು ಚಾಪೆ ಹಾಸಿ, ಎಂ.ಎ. ಹುಡುಗಿಯರಲ್ಲಿ ಒಬ್ಬಳು ಆ ಕೂಸುಗಳನ್ನು ನೋಡಿಕೊಂಡಳು. ಇಂಥ ಶಿಬಿರಕ್ಕೆ ಯೋಜನೆ ಬರೆಯುವ ಯಾರೇ ಆದರೂ ಮೊದಲು ಆ ಚಾಪೆಯನ್ನು ಬರೆದುಕೊಳ್ಳಬೇಕು.

ನಾವು ಕಲಿಸಿದ ಬಗೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಇಡೀ ಶಿಬಿರದ ಜೀವ ಇದ್ದದ್ದು ಅಲ್ಲಿ. ಮೊದಲು ಗಣಿತ, ಆಮೇಲೆ ಹೊಲಿಗೆ ಎಂದು ವೇಳಾಪಟ್ಟಿ ಇತ್ತು. ಕೈಚೀಲ, ದಿಂಬಿನ ಕವರು ಮುಗಿಸಿ ಮಕ್ಕಳು ಮನೆಯ ಚಿಕ್ಕವರಿಗೆ ಅಂಗಿ ಕತ್ತರಿಸುವ ಹಂತಕ್ಕೆ ಬಂದಿದ್ದರು. ಒಂಬತ್ತನೇ ತರಗತಿಯ ಒಬ್ಬ ಹುಡುಗಿಯ ತಂಗಿಯ ಎದೆ ಸುತ್ತಳತೆ 26 ಅಂಗುಲ. ಬಟ್ಟೆಯನ್ನು ನಾಲ್ಕು ಪದರಕ್ಕೆ ಮಡಿಸಿ ಚಾಕ್‌ನಲ್ಲಿ ಗುರುತು ಹಾಕಬೇಕಾದರೆ ಆ ಸುತ್ತಳತೆಯ ಕಾಲು ಭಾಗ ಬೇಕು, ಆಮೇಲೆ ಸಡಿಲಕ್ಕೂ ಹೊಲಿಗೆಗೂ ಬಿಡುವ ಅಳತೆ. ಹುಡುಗಿ ಲೆಕ್ಕ ಮಾಡಿದಳು: ಭಾಗಲಬ್ಧ 6, ಶೇಷ 2. ಸರಿಯಾದ ಲೆಕ್ಕವೇ. ಆದರೆ ಟೇಪು ಹಿಡಿದು ಆರರ ಮೇಲೆ ಬೆರಳಿಟ್ಟು ನಿಂತಳು. ಆ ಎರಡನ್ನು ಎಲ್ಲಿಡಬೇಕು ಎಂದು ಅವಳಿಗೆ ಗೊತ್ತಾಗಲಿಲ್ಲ. ಪಕ್ಕದ ಹುಡುಗ 6.2 ಎಂದ. ಐದಾರು ಮಕ್ಕಳು ಅವನ ಮಾತಿಗೆ ತಲೆಯಾಡಿಸಿದರು.

ಮೇಷ್ಟ್ರು ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. ಒಳಗೆ ಬಂದವರೇ ಹಳೆಯ ಪತ್ರಿಕೆಯ ಪಟ್ಟಿಗಳನ್ನು ಅಂಟಿಸಿ 26 ಅಂಗುಲ ಉದ್ದ ಮಾಡಿ, ಅವಳ ಕೈಯಲ್ಲೇ ಎರಡು ಸಲ ಮಡಿಸಿದರು. ಮಡಿಕೆ ಬಂದು ನಿಂತದ್ದು ಆರೂವರೆ ಅಂಗುಲಕ್ಕೆ. ನಾಲ್ಕರಲ್ಲಿ ಎರಡು ಉಳಿದರೆ ಅರ್ಧ. ಹಾಗಾದರೆ 27 ಅಂಗುಲಕ್ಕೆ? ಮೂರು ಉಳಿಯಿತು, ಆರೂಮುಕ್ಕಾಲು. 29ಕ್ಕೆ? ಒಂದು ಉಳಿಯಿತು, ಏಳೂಕಾಲು. ಮಕ್ಕಳು ಒಬ್ಬರ ಮೈಯನ್ನೊಬ್ಬರು ಅಳೆಯತೊಡಗಿದರು, ಸಿಕ್ಕ ಸಂಖ್ಯೆಗಳನ್ನೆಲ್ಲ ನಾಲ್ಕು ಪಾಲು ಮಾಡತೊಡಗಿದರು. ಟೇಪಿನ ಇನ್ನೊಂದು ಬದಿಯನ್ನು ತಿರುಗಿಸಿ ಅದೇ ಅಳತೆ 66 ಸೆಂಟಿಮೀಟರ್, ಕಾಲು ಭಾಗ 16.5 ಎಂದು ತೋರಿಸಿದಾಗ ದಶಮಾಂಶವೂ ಅವರ ಕೈಗೆ ಬಂತು. ಆವತ್ತಿನಿಂದ ಗಣಿತಕ್ಕೂ ಹೊಲಿಗೆಗೂ ಬೇರೆ ಬೇರೆ ಪಿರಿಯಡ್ ಇಡಲಿಲ್ಲ. ಮೇಷ್ಟ್ರು ನನ್ನ ಕತ್ತರಿಸುವ ಮೇಜಿನ ಪಕ್ಕದಲ್ಲೇ ಬೋರ್ಡು ಹಾಕಿಕೊಂಡರು.

ವೈರಿಂಗ್ ಕೂಡ ಹಾಗೆಯೇ ನಡೆಯಿತು. ಹುಡುಗಿಯರು ಸ್ವಿಚ್ ಬೋರ್ಡ್ ಜೋಡಿಸಿದರು, ಫೇಸ್, ನ್ಯೂಟ್ರಲ್, ಅರ್ತ್ ಬೇರೆ ಮಾಡಲು ಕಲಿತರು. ಹುಡುಗರು ಕಾಜಾ ಮಾಡಿ ಗುಂಡಿ ಹಾಕಿದರು. ಮನೆಯಿಂದ ಬೆಸ್ಕಾಂ ಬಿಲ್ಲು ತಂದು ಹಿಂದಿನ ರೀಡಿಂಗ್ ಕಳೆದು ಯೂನಿಟ್ ಲೆಕ್ಕ ಹಾಕಿದರು. ಓದಿಗೆ ದಿನಪತ್ರಿಕೆಯನ್ನೇ ಇಟ್ಟುಕೊಂಡಿದ್ದೆವು. ಮೆಕ್ಕೆಜೋಳ, ಭತ್ತದ ಧಾರಣೆಯ ಸಾಲುಗಳನ್ನು ಗಟ್ಟಿಯಾಗಿ ಓದುವುದರಲ್ಲಿ ಉರ್ದು ಮಾಧ್ಯಮದ ಮಕ್ಕಳೂ ಹಿಂದೆ ಬೀಳಲಿಲ್ಲ, ಏಕೆಂದರೆ ಭತ್ತದ ಬೆಲೆ ಏರಿದರೆ ತಮ್ಮ ಮನೆಯಲ್ಲಿ ಏನಾಗುತ್ತದೆ ಎಂದು ಅವರಿಗೆ ಗೊತ್ತಿತ್ತು.

ಒಂದು ಬೆಳಗ್ಗೆಯನ್ನು ಪೂರ್ತಿ ಕಾಗದ ಪತ್ರಗಳಿಗೆ ಮೀಸಲಿಟ್ಟೆವು. ಆಧಾರ್‌ನಲ್ಲಿ ಒಂದು ಹೆಸರು, ಶಾಲೆಯ ದಾಖಲೆಯಲ್ಲಿ ಇನ್ನೊಂದು ಕಾಗುಣಿತ. ಆದಾಯ ಪ್ರಮಾಣ ಪತ್ರದ ಐದು ವರ್ಷದ ಅವಧಿ ಮುಗಿದಿದೆ. ಜಾತಿ ಪ್ರಮಾಣ ಪತ್ರ ಇದೆ, ಆದರೆ ಅದರ ಮೇಲಿನ ಆರ್‌ಡಿ ಸಂಖ್ಯೆಯೇ ವಿದ್ಯಾರ್ಥಿವೇತನದ ಅರ್ಜಿಗೆ ಬೇಕಾದದ್ದು ಎಂದು ಯಾರೂ ಹೇಳಿಲ್ಲ. ಬ್ಯಾಂಕ್ ಖಾತೆ ಇದೆ, ಆಧಾರ್ ಜೋಡಣೆಯಾಗಿಲ್ಲ. ಹಣ ಬರಬೇಕಾದ ಮಕ್ಕಳಿಗೆ ಅದು ಬಾರದೆ ಹೋಗುವುದು ಇಂಥ ಸಣ್ಣ ತೊಡಕುಗಳಿಂದ. ಹುಡುಗರಿಗೆ ನಾಡಕಚೇರಿಯ ಅರ್ಜಿಯನ್ನು ತಾವೇ ತುಂಬಲು ಕಲಿಸಿದೆವು. ಇದು ಕೂಡ ಶಿಕ್ಷಣವೇ. ನನ್ನ ಪ್ರಕಾರ ಶಿಬಿರದ ಅತಿ ಮುಖ್ಯವಾದ ಬೆಳಗ್ಗೆಗಳಲ್ಲಿ ಅದೊಂದು.

ನಾನು ಗೌರವಿಸುವ ಶಿಕ್ಷಕಿಯೊಬ್ಬರು ಆಕ್ಷೇಪ ಎತ್ತಿದ್ದರು: ಬಡವರ ಮಕ್ಕಳಿಗೆ ಕೈಗೆಲಸ ಕಲಿಸಿದರೆ ಮನೆಯವರು ಓದು ಬಿಡಿಸಿ ದುಡಿಮೆಗೆ ಕಳಿಸುತ್ತಾರೆ, ಉಳ್ಳವರ ಮಕ್ಕಳಿಗೆ ರೋಬೋಟಿಕ್ಸ್, ಇವರಿಗೆ ಸೂಜಿ ದಾರ ಏಕೆ ಎಂದು. ಆ ಮಾತು ನನ್ನನ್ನು ತಟ್ಟಿತು. ಈ ಭಯ ಸುಳ್ಳಲ್ಲ. ಅದಕ್ಕೇ ಮಕ್ಕಳು ಹೊಲಿದ ಚೀಲಗಳನ್ನು ಮಾರಿ ಶಿಬಿರದ ಖರ್ಚು ತೆಗೆಯೋಣ ಎಂಬ ಸಲಹೆ ಬಂದಾಗ ನಾನು ಖಡಾಖಂಡಿತವಾಗಿ ಬೇಡ ಎಂದೆ. ಮಾರಾಟ ಶುರುವಾದ ದಿನ ಎಣಿಕೆ ಶುರುವಾಗುತ್ತದೆ, ಎಣಿಕೆ ಶುರುವಾದರೆ ಮಗು ಕೂಲಿಯಾಗುತ್ತದೆ. ಹೊಲಿದದ್ದೆಲ್ಲ ಅವರವರ ಮನೆಗೇ ಹೋಯಿತು. ಕೈಗೆಲಸ ಕಲಿಸಬಾರದು ಎಂಬ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ಭಿನ್ನರಾಶಿಯ ಮುಂದೆ ವರ್ಷಗಟ್ಟಲೆ ತಲೆ ತಗ್ಗಿಸಿದ ಹುಡುಗಿ ಟೇಪು ಹಿಡಿದು ಬೇರೆಯವರ ಲೆಕ್ಕ ತಿದ್ದುವುದನ್ನು ನಾನು ನೋಡಿದ್ದೇನೆ. ನಮ್ಮ ಊರಿನಲ್ಲೇ 1951ರಿಂದ ಇರುವ ಯುಬಿಡಿಟಿ ಎಂಜಿನಿಯರಿಂಗ್ ಕಾಲೇಜಿನ ವರ್ಕ್‌ಶಾಪನ್ನು ಒಂದು ದಿನ ಈ ಮಕ್ಕಳಿಗೆ ತೋರಿಸುವ ಏರ್ಪಾಡಾದರೆ ಸೂಜಿಯಿಂದ ಯಂತ್ರದವರೆಗಿನ ದಾರಿ ಅವರ ಕಣ್ಣಿಗೂ ಬೀಳುತ್ತದೆ.

ಇನ್ನು ಎಸ್ಸೆಸ್ಸೆಲ್ಸಿ ಫಲಿತಾಂಶ. ಅದು ಬರುವುದು ಈ ರಜೆಯ ನಡುವೆ. ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ, ಒಂದರಲ್ಲಿ ಹೋದದ್ದನ್ನು ಕೆಲವೇ ವಾರಗಳಲ್ಲಿ ಇನ್ನೊಂದರಲ್ಲಿ ಪಡೆಯಬಹುದು. ಆದರೆ ಒಂದು ವಿಷಯದಲ್ಲಿ ಫೇಲಾದ ಹುಡುಗನಿಗೆ ಅದನ್ನು ಹೇಳಿ, ಶುಲ್ಕ ಕಟ್ಟುವ ಕೊನೆಯ ದಿನ ನೆನಪಿಸಿ, ಪುಸ್ತಕ ತೆರೆದು ಕೂರಿಸುವವರು ಆ ದಿನಗಳಲ್ಲಿ ಯಾರಿದ್ದಾರೆ? ಫೇಲಾದ ಹುಡುಗಿಗೆ ಅದೇ ತಿಂಗಳಲ್ಲಿ ಗಂಡು ನೋಡುವ ಮನೆಗಳಿವೆ. ನನ್ನ ಅಂಗಡಿಗೆ ಹದಿನಾರರ ಹುಡುಗಿಯ ಮದುವೆ ರವಿಕೆ ಹೊಲಿಸಲು ಬಂದವರನ್ನು ನಾನು ವಾಪಸ್ ಕಳಿಸಿದ್ದೇನೆ, ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿದ್ದೇನೆ, ಬೈಗುಳವನ್ನೂ ಕೇಳಿದ್ದೇನೆ. ಶಿಬಿರ ನಡೆಯುತ್ತಿದ್ದರೆ ಫಲಿತಾಂಶದ ಮರುದಿನ ಅವಳು ಬಂದು ಕೂರಲು ಒಂದು ಬೆಂಚಾದರೂ ಇರುತ್ತದೆ. ವೆಲ್ಡರ್, ವೈರ್‌ಮನ್‌ನಂಥ ಕೆಲವು ಐಟಿಐ ಕೋರ್ಸುಗಳಿಗೆ ಎಂಟನೇ ತರಗತಿ ಸಾಕು, ಎಲೆಕ್ಟ್ರೀಷಿಯನ್, ಫಿಟ್ಟರ್‌ಗೆ ಎಸ್ಸೆಸ್ಸೆಲ್ಸಿ ಬೇಕು, ಪಾಸಾದವರಿಗೆ ಪಕ್ಕದ ಹರಿಹರದಲ್ಲೇ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ (ಜಿಟಿಟಿಸಿ) ಇದೆ ಎಂಬುದು ನಮ್ಮಲ್ಲಿಗೆ ಬಂದ ಎಷ್ಟೋ ಪೋಷಕರಿಗೆ ಹೊಸ ಸಂಗತಿಯಾಗಿತ್ತು.

ಈ ವರ್ಷ ಕೊಠಡಿ ಕೇಳಲು ಹೋದಾಗ ಒಂದು ಕಚೇರಿಯವರು ಇನ್ನೊಂದು ಕಚೇರಿಗೆ ಕಳಿಸಿದರು. ಮುಖ್ಯ ಶಿಕ್ಷಕರಿಗೆ ಮನಸ್ಸಿತ್ತು, ಲಿಖಿತ ಅನುಮತಿ ಇಲ್ಲದೆ ಕೀಲಿ ಕೊಡುವ ಧೈರ್ಯ ಇರಲಿಲ್ಲ. ಹೆಚ್ಚುಕಡಿಮೆಯಾದರೆ ಹೊಣೆ ಯಾರದು ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಉತ್ತರ ಕೊಡಬೇಕಾದವರು ಕೊಡಲಿಲ್ಲ. ಅಷ್ಟರಲ್ಲಿ ಏಪ್ರಿಲ್ ಮುಗಿಯಿತು, ಮಕ್ಕಳು ಚದುರಿದರು.

ಆದ್ದರಿಂದ ಜಿಲ್ಲಾಡಳಿತ ಮತ್ತು ಶಾಲಾ ಶಿಕ್ಷಣ ಇಲಾಖೆಯ ದಾವಣಗೆರೆ ಉತ್ತರ, ದಕ್ಷಿಣ ವಲಯಗಳ ಅಧಿಕಾರಿಗಳಲ್ಲಿ ನನ್ನ ಬೇಡಿಕೆ ಸರಳವಾಗಿದೆ. ಪ್ರತಿ ಮಾರ್ಚ್‌ನಲ್ಲಿ ಒಂದು ಸುತ್ತೋಲೆ ಹೊರಡಿಸಿ. ಯಾವ ಶಾಲೆಯ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ (ಎಸ್‌ಡಿಎಂಸಿ) ಒಪ್ಪುತ್ತದೆಯೋ ಅಲ್ಲಿ ರಜೆಯ ಬೆಳಗಿನ ಹೊತ್ತು ಎರಡು ಕೊಠಡಿ, ಶೌಚಾಲಯ, ಕುಡಿಯುವ ನೀರು ತೆರೆದಿರಲಿ. ಹಾಜರಿ ಪುಸ್ತಕ ಇರಬೇಕು, ಒಬ್ಬ ಮಹಿಳೆ ಸದಾ ಇರಬೇಕು, ಹೊಣೆ ಯಾರದೆಂದು ಹೆಸರು ಬರೆದಿರಬೇಕು ಎಂಬ ಷರತ್ತು ಹಾಕಿ, ಪಾಲಿಸುತ್ತೇವೆ. ವೃತ್ತಿ ಶಿಕ್ಷಣದ ವಿಷಯಗಳಿರುವ ಸರ್ಕಾರಿ ಪ್ರೌಢಶಾಲೆಗಳಲ್ಲಿ ರಜೆಯಲ್ಲಿ ಬೀಗ ಹಾಕಿಡುವ ಸಲಕರಣೆಗಳನ್ನು ಶಿಬಿರಕ್ಕೆ ಬಳಸಲು ಬಿಡಿ. ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳಾದ ಅರಿವು ಕೇಂದ್ರಗಳಲ್ಲಿ ಮಕ್ಕಳಿಗೆ ಬೇಸಿಗೆ ಶಿಬಿರಗಳು ನಡೆದಿವೆ. ಮಹಾನಗರ ಪಾಲಿಕೆಯ ವಾರ್ಡುಗಳ ಮಕ್ಕಳು ಏನು ತಪ್ಪು ಮಾಡಿದ್ದಾರೆ?

ಮತ್ತು ಬಿಸಿಯೂಟ. ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವಾದ ಸಾಲಿನಲ್ಲಿ, 2024ರ ಬೇಸಿಗೆ ರಜೆಯಲ್ಲೂ ಆ ತಾಲ್ಲೂಕುಗಳ ಮಕ್ಕಳಿಗೆ ಬಿಸಿಯೂಟ ಕೊಡಲು ಸರ್ಕಾರ ತೀರ್ಮಾನಿಸಿತು. ರಜೆಯಲ್ಲಿ ಊಟ ಕೊಡಬಹುದು ಎಂದಾಯಿತಲ್ಲ. ಮಳೆ ಚೆನ್ನಾಗಿ ಬಂದ ವರ್ಷವೂ ಈ ಓಣಿಗಳ ಮಕ್ಕಳಿಗೆ ಮಧ್ಯಾಹ್ನ ಹಸಿವಾಗುತ್ತದೆ. ನಾವು ಚಂದಾ ಎತ್ತಿ ಚಿತ್ರಾನ್ನ, ಅವಲಕ್ಕಿ ಕೊಟ್ಟೆವು. ಅದು ಸಾಲುತ್ತಿರಲಿಲ್ಲ. ಶಿಬಿರ ನಡೆಯುವ ಶಾಲೆಗೆ ಮಾತ್ರವಾದರೂ ರಜೆಯ ಬಿಸಿಯೂಟ ಮಂಜೂರಾಗಲಿ, ಅಡುಗೆ ಮಾಡುವ ತಾಯಂದಿರಿಗೆ ಆ ದಿನಗಳ ಗೌರವಧನವೂ ಸೇರಿ.

ಓದುಗರಲ್ಲಿಯೂ ಒಂದು ಮಾತು. ಮೋಟಾರ್ ಯಂತ್ರ ಬಂದ ಮೇಲೆ ಎಷ್ಟೋ ಮನೆಗಳಲ್ಲಿ ಕಾಲಿನಿಂದ ತುಳಿಯುವ ಹಳೆಯ ಹೊಲಿಗೆ ಯಂತ್ರ ಅಟ್ಟ ಸೇರಿದೆ. ಕಲಿಯುವವರಿಗೆ ಅದೇ ಒಳ್ಳೆಯದು, ವೇಗ ಕಾಲಿನ ಹಿಡಿತದಲ್ಲಿರುತ್ತದೆ. ನಲವತ್ತು ಮಕ್ಕಳಿಗೆ ನಮ್ಮಲ್ಲಿದ್ದದ್ದು ನಾಲ್ಕೇ ಯಂತ್ರ. ಮುಂದಿನ ಏಪ್ರಿಲ್‌ಗೆ ಎರವಲಾಗಿ ಕೊಡುವವರು ಪತ್ರಿಕೆಯ ಮೂಲಕ ತಿಳಿಸಿದರೆ ನಾನೇ ಆಟೋ ತಂದು ಒಯ್ಯುತ್ತೇನೆ. ಬೆಲ್ಟ್, ಸೂಜಿ, ಬಾಬಿನ್, ಎಣ್ಣೆಯ ಖರ್ಚು ನನ್ನದು. ಮೇ ಕೊನೆಗೆ ಯಂತ್ರವನ್ನು ಒರೆಸಿ, ಎಣ್ಣೆ ಬಿಟ್ಟು ಮನೆಗೇ ತಲುಪಿಸುತ್ತೇನೆ.

ಇಂತಿ,
ಒಬ್ಬ ಹೊಲಿಗೆಯವಳು
ನಿಟ್ಟುವಳ್ಳಿ, ದಾವಣಗೆರೆ