ಪ್ರೀಮಿಯಂ ಎಂಬ ಹೆಸರಿಗಿಂತ ಆಕ್ಟೇನ್ ಸಂಖ್ಯೆ ದೊಡ್ಡದಾಗಿ ಕಾಣಲಿ

ಮಾನ್ಯ ಸಂಪಾದಕರೇ,

ಸಣ್ಣ ಕಾರಿನವರು ಬಂಕಿಗೆ ಹೋದರೆ ‘ಸಾದಾನಾ, ಪ್ರೀಮಿಯಮ್ಮಾ?’ ಎಂದು ಕೇಳುತ್ತಾರೆ. ಪ್ರೀಮಿಯಂ ಹಾಕಿಸಿದರೆ ಪಿಕಪ್ ಚೆನ್ನಾಗಿರುತ್ತದೆ, ಮೈಲೇಜ್ ಏರುತ್ತದೆ, ಎಂಜಿನ್ ಜಾಸ್ತಿ ದಿನ ಬಾಳುತ್ತದೆ ಎಂಬ ಮಾತೂ ಜೊತೆಗೇ ಬರುತ್ತದೆ. ಖರ್ಚು ನೋಡಿಕೊಂಡು ಕಾರು ಓಡಿಸುವವರೂ ಇದನ್ನು ನಂಬಿ ಸುಮ್ನೆ ಜಾಸ್ತಿ ದುಡ್ಡು ಕೊಡುತ್ತಾರೆ. ಅದಕ್ಕೇ ಈ ಪತ್ರ.

ಪ್ರೀಮಿಯಂ ಎಂದರೆ ಸಾಮಾನ್ಯವಾಗಿ ಆಕ್ಟೇನ್ ಸಂಖ್ಯೆ ಹೆಚ್ಚಿರುವ ಪೆಟ್ರೋಲ್. ಆದರೆ ಈ ಸಂಖ್ಯೆಗೂ ಪೆಟ್ರೋಲಿನ ಶಕ್ತಿಗೂ ಸಂಬಂಧವಿಲ್ಲ. ಒತ್ತಡಕ್ಕೆ ಸಿಕ್ಕಾಗ ತಾನಾಗಿ ಹೊತ್ತಿಕೊಳ್ಳದೆ ಎಷ್ಟು ತಡೆದುಕೊಳ್ಳುತ್ತದೆ ಅನ್ನೋದನ್ನು ಅದು ಹೇಳುತ್ತದೆ. ಪಿಸ್ಟನ್ ಮೇಲೇರುತ್ತಾ ಗಾಳಿ, ಪೆಟ್ರೋಲಿನ ಮಿಶ್ರಣವನ್ನು ಅದುಮುತ್ತದೆ. ಸ್ಪಾರ್ಕ್ ಪ್ಲಗ್ ಕಿಡಿ ಕೊಟ್ಟ ಮೇಲೆ ಉರಿ ಅಲ್ಲಿಂದ ಹರಡುತ್ತಾ ಹೋಗಬೇಕು. ಅದು ತಲುಪುವ ಮೊದಲೇ ಅಂಚಿನಲ್ಲಿರುವ ಮಿಶ್ರಣ ಕಾವು ತಾಳದೆ ಸಿಡಿದರೆ ಕಟಕಟ ಸದ್ದು ಕೇಳುತ್ತದೆ. ಮೆಕ್ಯಾನಿಕ್‌ಗಳು ನಾಕಿಂಗ್ ಎನ್ನುವುದು ಇದನ್ನೇ. ಜೋರಾಗಿ, ಬಹಳ ದಿನ ಹೀಗೇ ಆದರೆ ಪಿಸ್ಟನ್ನಿಗೇ ಪೆಟ್ಟು. ಈ ಸಿಡಿತ ತಡೆಯುವುದಷ್ಟೇ ಹೆಚ್ಚಿನ ಆಕ್ಟೇನಿನ ಕೆಲಸ.

ಸಾದಾ ಪೆಟ್ರೋಲಿನಲ್ಲೇ ನಾಕಿಂಗ್ ಇಲ್ಲದೆ ಓಡುವ ಎಂಜಿನ್ನಿಗೆ ಅದರಿಂದ ಏನು ಲಾಭ? ಲೀಟರಿಗೆ ಸಿಗುವ ಶಕ್ತಿ ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ಅಮೆರಿಕದ ವಾಹನ ಸವಾರರ ಸಂಘ ಎಎಎ 2016ರಲ್ಲಿ, ಸಾದಾ ಪೆಟ್ರೋಲ್ ಸಾಕು ಎನ್ನುವ ಕಾರುಗಳಿಗೆ ಪ್ರೀಮಿಯಂ ಹಾಕಿ ಪರೀಕ್ಷಿಸಿತು. ಪವರ್, ಮೈಲೇಜ್, ಹೊಗೆ ಯಾವುದರಲ್ಲೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಟರ್ಬೊ ಇರುವ ಸಣ್ಣ ಎಂಜಿನ್ನುಗಳ ಮಾತು ಸ್ವಲ್ಪ ಬೇರೆ. ಟರ್ಬೊ ಗಾಳಿಯನ್ನು ಒತ್ತಿ ತುಂಬುವುದರಿಂದ ಸಿಲಿಂಡರಿನಲ್ಲಿ ಒತ್ತಡವೂ ಕಾವೂ ಜಾಸ್ತಿ. ನಾಕಿಂಗ್ ಶುರುವಾದರೆ ಸೆನ್ಸರ್ ಅದನ್ನು ಗುರುತಿಸುತ್ತದೆ, ಕಂಪ್ಯೂಟರ್ ಕಿಡಿ ಕೊಡುವುದನ್ನು ತುಸು ತಡ ಮಾಡುತ್ತದೆ. ಎಂಜಿನ್ ಉಳಿಯುತ್ತದೆ, ಪಿಕಪ್ ಇಳಿಯುತ್ತದೆ. ಇಂಥ ಕಾರು ಸುಡುಬಿಸಿಲಿನಲ್ಲಿ, ತುಂಬಿದ ಭಾರ ಹೊತ್ತು ಏರು ಹತ್ತುವಾಗ ಹೆಚ್ಚಿನ ಆಕ್ಟೇನ್ ನಿಜಕ್ಕೂ ಉಪಯೋಗಕ್ಕೆ ಬರಬಹುದು. ಹಾಗಾಗಿ ಕಾರಿನ ಮ್ಯಾನ್ಯುಯಲ್ ನೋಡಲೇಬೇಕು. ‘ಇಷ್ಟು ಆಕ್ಟೇನ್ ಕಡ್ಡಾಯ’ ಎಂದಿದ್ದರೆ ಅದನ್ನೇ ಹಾಕಿಸಿ, ಅಲ್ಲಿ ಉಳಿತಾಯ ನೋಡಬೇಡಿ. ‘ಹಾಕಿದರೆ ಒಳ್ಳೆಯದು’ ಎಂದಷ್ಟೇ ಇದ್ದರೆ ಆಯ್ಕೆ ನಿಮ್ಮದು. ಸಂಖ್ಯೆ ಹೋಲಿಸುವಾಗ ಒಂದು ಎಚ್ಚರ ಬೇಕು. ನಮ್ಮಲ್ಲಿ ಬಳಸುವ ಆರ್‌ಒಎನ್ ಅಳತೆಯಲ್ಲಿ 91 ಇರುವ ಪೆಟ್ರೋಲ್ ಅಮೆರಿಕದಲ್ಲಿ ಬಳಸುವ ಎಕೆಐ ಅಳತೆಯಲ್ಲಿ ಸುಮಾರು 87 ಆಗುತ್ತದೆ. ಪೆಟ್ರೋಲ್ ಅದೇ, ಅಳೆಯುವ ರೀತಿ ಬೇರೆ.

ಇನ್ನು ಎಂಜಿನ್ ಸ್ವಚ್ಛವಾಗುತ್ತದೆ ಎಂಬ ಮಾತು. ಕೊಳೆ ತೆಗೆಯುವ ರಾಸಾಯನಿಕವನ್ನು ಕೆಲವು ಪ್ರೀಮಿಯಂ ಪೆಟ್ರೋಲಿಗೆ ಜಾಸ್ತಿ ಸೇರಿಸುತ್ತಾರೆ, ನಿಜ. ಅದರಿಂದ ಪ್ರಯೋಜನವೂ ಇದೆ. ಆದರೆ ಅದು ಆಕ್ಟೇನಿನ ಗುಣವಲ್ಲ, ಸಾದಾ ಪೆಟ್ರೋಲಿಗೂ ಸೇರಿಸಬಹುದು. ಡೈರೆಕ್ಟ್ ಇಂಜೆಕ್ಷನ್ ಎಂಜಿನ್ನಿನಲ್ಲಂತೂ ಪೆಟ್ರೋಲ್ ನೇರ ಸಿಲಿಂಡರಿಗೇ ಚಿಮ್ಮುತ್ತದೆ. ಗಾಳಿ ಒಳಬರುವ ವಾಲ್ವಿನ ಹಿಂಬದಿಯನ್ನು ಮುಟ್ಟುವುದೇ ಇಲ್ಲ. ಮುಟ್ಟದ ಜಾಗದ ಮಸಿಯನ್ನು ಯಾವ ಪೆಟ್ರೋಲ್ ತೊಳೆಯುತ್ತದೆ, ಹೇಳಿ?

ಪೆಟ್ರೋಲ್ ಕಂಪನಿಗಳಿಗೆ ನನ್ನ ಮನವಿ ಇಷ್ಟೇ. ಪಂಪಿನ ಮೇಲೆ ಬ್ರ್ಯಾಂಡಿನ ಹೆಸರಿಗಿಂತ ಆಕ್ಟೇನ್ ಸಂಖ್ಯೆಯನ್ನು ದೊಡ್ಡದಾಗಿ ಬರೆಯಲಿ, ಯಾವ ಅಳತೆ ಅನ್ನೋದನ್ನೂ ಸೇರಿಸಲಿ. ಕಾರು ಕಂಪನಿಗಳು ಕನಿಷ್ಠ ಎಷ್ಟು ಬೇಕು ಎಂಬುದನ್ನು ಟ್ಯಾಂಕಿನ ಮುಚ್ಚಳದ ಒಳಗೆ ಎಲ್ಲರಿಗೂ ಓದಲು ಬರುವ ಹಾಗೆ ಅಂಟಿಸಲಿ. ನಿಮ್ಮ ಪತ್ರಿಕೆಯೂ ಹೊಸ ಕಾರಿನ ಮೈಲೇಜ್ ಬರೆಯುವಾಗ, ಎಷ್ಟು ಆಕ್ಟೇನಿನ ಪೆಟ್ರೋಲ್ ಹಾಕಿ ಅಳೆದದ್ದು ಎಂದು ತಿಳಿಸಲಿ.

ಇಂತಿ,
ಸಣ್ಣ ಕಾರು ಓಡಿಸುವ ಓದುಗ