ದಡದಲ್ಲಿ ನಿಂತವರಿಗೆ

ಹಿಮನದಿಯ ಬಾಯಿಂದ ಕೆಳಗಿನ ಸೇತುವೆಯವರೆಗೆ ಕಯಾಕುಗಳಲ್ಲಿ, ಅಂದರೆ ಹುಟ್ಟು ಹಾಕುವ ಕಿರುದೋಣಿಗಳಲ್ಲಿ, ಎಲ್ಲರೂ ಕ್ಷೇಮವಾಗಿ ನದಿ ಇಳಿದು ಬಂದೆವು. ಅಭಿನಂದನೆ ತಿಳಿಸಿದವರಿಗೆಲ್ಲ ವಂದನೆಗಳು. ಆದರೆ ನಾವು ಹಾಕಿರುವ ಫೋಟೋಗಳಲ್ಲೆಲ್ಲ ಕಯಾಕಿನೊಳಗೆ ಕೂತವರದ್ದೇ ಮುಖ. ನಮ್ಮನ್ನು ಕಾಯಲು ಬಂಡೆಯ ಮೇಲೆ ಹಗ್ಗ ಹಿಡಿದು ನಿಂತವರು ಒಂದರಲ್ಲೂ ಇಲ್ಲ. ಈ ನಾಲ್ಕು ಮಾತು ಅವರಿಗಾಗಿ.

ಹಿಮನದಿ ಬಂಡೆಯನ್ನು ಅರೆದರೆ ಬರುವ ನುಣ್ಣನೆಯ ಪುಡಿ ಈ ನೀರಲ್ಲಿ ತುಂಬಿರುತ್ತದೆ. ಬೂದಿ ಕದಡಿದಂತಿರುವ ಆ ನೀರಲ್ಲಿ ಗೇಣು ಆಳದ ಕಲ್ಲೂ ಕಾಣದು. ಕಯಾಕಲ್ಲಿ ಕೂತವರ ಕಣ್ಣು ನೀರಿಗಿಂತ ಮೂರಡಿ ಮೇಲೂ ಇರುವುದಿಲ್ಲ, ಹಾಗಾಗಿ ಮುಂದಿನ ಧುಮುಕು ಬರೀ ಒಂದು ಗೆರೆ. ಗೆರೆಯಾಚೆ ಏನಿದೆ ಎಂದು ನಡೆದುಹೋಗಿ ನೋಡಿ ಬಂದವರು ನೀವು. ಅಬ್ಬರದಲ್ಲಿ ಕೂಗು ಕೇಳಿಸದು. ನೀವು ಪ್ಯಾಡಲ್ (ಹುಟ್ಟು) ನೆಟ್ಟಗೆ ಎತ್ತಿದರೆ ಹೊರಟೆವು, ಅಡ್ಡ ಹಿಡಿದರೆ ಎಡ್ಡಿಗೆ, ಅಂದರೆ ಬಂಡೆಯ ಮರೆಯ ಶಾಂತ ನೀರಿಗೆ, ನುಗ್ಗಿ ನಿಂತೆವು.

ಬೆಳಕು ಹರಿಯುವ ಮೊದಲೇ ಟೆಂಟು ಅಲ್ಲಾಡಿಸಿ ಎಬ್ಬಿಸುತ್ತಿದ್ದವರಿಗೆ, ಗೊಣಗಿದವರೆಲ್ಲರ ಪರವಾಗಿಯೂ ಧನ್ಯವಾದ. ಬಿಸಿಲೇರಿದಂತೆ ಮೇಲೆ ಮಂಜು ಕರಗಿ, ನೀರು ಏರಿ, ಮಧ್ಯಾಹ್ನದ ಹೊತ್ತಿಗೆ ಅದೇ ರಾಪಿಡ್ (ನೀರು ರಭಸದಿಂದ ನುಗ್ಗುವ ಜಾಗ) ಬೇರೆಯೇ ಆಗಿಬಿಡುತ್ತದೆ. ಬೆಳಿಗ್ಗೆ ತಲೆ ಎತ್ತಿದ್ದ ಬಂಡೆಗಳು ಮುಳುಗಿ, ಅವುಗಳ ಹಿಂದೆ ದೋಣಿಯನ್ನು ಹಿಡಿದಿಟ್ಟುಕೊಳ್ಳುವ ಸುಳಿ ಏಳುತ್ತದೆ. ನೀವು ಗಡಿಯಾರ ನೋಡದಿದ್ದರೆ ನಾವಂತೂ ನೋಡುತ್ತಿರಲಿಲ್ಲ!

ಕಮರಿಯಲ್ಲಿ ನಮ್ಮ ಜೊತೆಗಾರ ಮಗುಚಿ, ರೋಲ್ (ಕೂತಲ್ಲಿಂದಲೇ ಹುಟ್ಟು ಬೀಸಿ ದೋಣಿಯನ್ನು ಮತ್ತೆ ನೆಟ್ಟಗಾಗಿಸುವುದು) ಕೈಗೂಡದೆ, ದೋಣಿಯಿಂದ ಹೊರಬಿದ್ದ ಗಳಿಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಅಂಥ ತಣ್ಣೀರಿಗೆ ಬಿದ್ದವರಿಗೆ ಮೊದಲ ನಿಮಿಷ ಉಸಿರೇ ಕೈಗೆ ಸಿಗದು. ಹತ್ತು ನಿಮಿಷದೊಳಗೆ ಬೆರಳುಗಳಿಗೆ ಹಗ್ಗ ಹಿಡಿಯುವ ಶಕ್ತಿಯೂ ಉಳಿಯದು. ನೀರು ಒಳಗೆ ಬಿಡದ ಉಡುಪು, ಡ್ರೈಸೂಟ್, ಒಂದಿಷ್ಟು ಸಮಯ ಕೊಡುತ್ತದೆ, ಅಷ್ಟೇ. ಮೊದಲ ಎಸೆತಕ್ಕೇ ಹಗ್ಗ ಅವನ ಎದೆಯ ಮೇಲೆ ಬಿತ್ತು. ಎಸೆದವರು ಕಾಲೂರಿ ಕೂತು, ಒಮ್ಮೆಲೇ ಜಗ್ಗದೆ, ನೀರಿನ ಓಟಕ್ಕೇ ಬಿಟ್ಟು ಅವನನ್ನು ದಡಕ್ಕೆ ತಿರುಗಿಸಿದರು. ಎಷ್ಟು ಸಂಜೆಗಳ ಅಭ್ಯಾಸವೋ ಅದು!

1976ರಲ್ಲಿ ಎವರೆಸ್ಟ್ ಬುಡದಿಂದ ಹರಿಯುವ ದೂಧ್ ಕೋಸಿ ನದಿಯನ್ನು ಕಯಾಕಿನಲ್ಲಿ ಇಳಿದ ತಂಡದ ನಾಯಕ ಮೈಕ್ ಜೋನ್ಸ್, 1978ರಲ್ಲಿ ಪಾಕಿಸ್ತಾನದ ಬ್ರಾಲ್ಡು ನದಿಯಲ್ಲಿ ಸಂಗಾತಿಯನ್ನು ಉಳಿಸಲು ಹೋಗಿ ತೀರಿಕೊಂಡರು. ಅಂಥ ನಿಪುಣನಿಗೇ ಹಾಗಾಯಿತು. ಅದಕ್ಕೇ ಇರಬೇಕು, ಯಾರೂ ನೀರಿಗೆ ಹಾರಕೂಡದು, ಮೊದಲು ಹಗ್ಗ ಎಂದು ನೀವು ಪ್ರತಿದಿನ ನಮ್ಮ ಬಾಯಿಂದ ಹೇಳಿಸಿಯೇ ನಮ್ಮನ್ನು ನೀರಿಗೆ ಬಿಡುತ್ತಿದ್ದದ್ದು.

ಇನ್ನು, ನೀರೆಲ್ಲ ಬಂಡೆಗಳ ಅಡಿಗೆ ನುಗ್ಗುವ ಆ ಜಾಗದಲ್ಲಿ ಚರ್ಚೆಗೆ ಎಡೆಯನ್ನೇ ಕೊಡದೆ ಎಲ್ಲರ ಹೆಗಲಿಗೂ ದೋಣಿ ಹೊರಿಸಿದಿರಲ್ಲ, ಹಿರಿಯರೇ, ಆ ಏರು ಹತ್ತುವಾಗ ನಿಮ್ಮನ್ನು ನೆನೆದ ರೀತಿ ಬೇರೆ. ಈಗ ಮನಸಾರೆ ನಮಸ್ಕಾರ.

ದಡದವರ ಫೋಟೋ ಯಾರಲ್ಲಾದರೂ ಇದ್ದರೆ ದಯವಿಟ್ಟು ಕಳಿಸಿ. ಹಾಗೇ, ಯಾರದ್ದೋ ನೀಲಿ ಥ್ರೋ ಬ್ಯಾಗ್ (ಎಸೆಯುವ ಹಗ್ಗದ ಚೀಲ) ನನ್ನ ಸಾಮಾನಿನ ಜೊತೆ ಬಂದುಬಿಟ್ಟಿದೆ. ಹಗ್ಗ ಬಿಚ್ಚಿ ನೆರಳಲ್ಲಿ ಒಣಗಿಸಿದ್ದೇನೆ, ಬಂದು ಒಯ್ಯಿರಿ.