ಎಂ-ತ್ರೀ ಬ್ಯಾಕ್ ಆದ ಮಗಳಿಗೆ

ಪ್ರೀತಿಯ ಪುಟ್ಟಿ,

ಫೋನಿನಲ್ಲಿ ಹೇಳೋಣ ಅಂದರೆ ನೀನು ಅಳುತ್ತೀಯ, ಸಮಾಧಾನ ಮಾಡುವುದರಲ್ಲೇ ಮಾತು ಮುಗಿದುಹೋಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಮೂರನೇ ಸೆಮಿಸ್ಟರಿನ ಮ್ಯಾಥ್ಸ್, ನಿಮ್ಮ ಎಂ-ತ್ರೀ, ಫೇಲಾಗಿ ಬ್ಯಾಕ್ ಉಳಿದಿದ್ದಕ್ಕೆ ಮನೆಯಲ್ಲಿ ಯಾರಿಗೂ ಸಿಟ್ಟಿಲ್ಲ. ನಿಮ್ಮಪ್ಪನಿಗೆ ಮತ್ತೆ ಫೀಸು ಎಷ್ಟು ಕಟ್ಟಬೇಕು ಅನ್ನುವುದೊಂದೇ ಚಿಂತೆ, ಅದು ಅವರ ಹುಟ್ಟುಗುಣ. ಆದರೆ "ಮ್ಯಾಥ್ಸ್ ನನ್ನ ತಲೆಗೆ ಹತ್ತಲ್ಲಮ್ಮ, ಇಂಜಿನಿಯರಿಂಗೇ ಬಿಟ್ಟುಬಿಡ್ತೀನಿ" ಅಂದೆಯಲ್ಲ, ಅದನ್ನು ನಾನು ಒಪ್ಪುವುದಿಲ್ಲ. ಇಷ್ಟು ವರ್ಷ ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಟ್ಟವಳು ನಾನು. ನೀನು ಬಿಡಿಸಿದ ಲೆಕ್ಕಗಳ ಫೋಟೋ ಕಳಿಸಿದ್ದೆಯಲ್ಲ, ಕೂತು ಒಂದೊಂದೇ ನೋಡಿದೆ.

ಲ್ಯಾಪ್ಲಾಸ್ ಬರಲ್ಲ ಅಂತೀಯ. ಹೊತ್ತಿನ ಜೊತೆ ಬದಲಾಗುವ ಕರೆಂಟಿನ ಲೆಕ್ಕವನ್ನು ಎಸ್ ಅನ್ನುವ ಅಕ್ಷರದ ಸಾದಾ ಬೀಜಗಣಿತವಾಗಿ ಮಾಡುವ ವಿಧಾನ ಅದು, ಅಷ್ಟೇ ತಾನೇ. ನೋಡಿದರೆ ಲ್ಯಾಪ್ಲಾಸ್ ಹಾಕಿದ ಕಡೆ ತಪ್ಪೇ ಇಲ್ಲ! ಆ ಸರ್ಕ್ಯೂಟ್ ಲೆಕ್ಕವನ್ನೇ ತಗೋ. ಒಂದು ವೋಲ್ಟ್ ಬ್ಯಾಟರಿ, ಸಾಲಾಗಿ ಮೂರು ಓಮ್ ರೆಸಿಸ್ಟರ್, ಒಂದು ಹೆನ್ರಿ ಇಂಡಕ್ಟರ್, ಅರ್ಧ ಫ್ಯಾರಡ್ ಕೆಪಾಸಿಟರ್. ಸ್ವಿಚ್ ಹಾಕಿದ ಮೇಲೆ ಕರೆಂಟ್ ಎಷ್ಟು ಅಂತ ಪ್ರಶ್ನೆ. ಭಿನ್ನರಾಶಿಯ ಮೇಲ್ಗಡೆ ಒಂದು, ಕೆಳಗಡೆ ಎಸ್ ಸ್ಕ್ವೇರ್ ಪ್ಲಸ್ ಮೂರು ಎಸ್ ಪ್ಲಸ್ ಎರಡು ಬಂತು. ಅದನ್ನು ಎಸ್ ಪ್ಲಸ್ ಒಂದು, ಎಸ್ ಪ್ಲಸ್ ಎರಡು ಅಂತ ಒಡೆದಿದ್ದೂ ಸರಿ. ಆಮೇಲೆ ಪಾರ್ಷಿಯಲ್ ಫ್ರಾಕ್ಷನ್, ಅಂದರೆ ಆ ದೊಡ್ಡ ಭಿನ್ನರಾಶಿಯನ್ನು ಎರಡು ಚಿಕ್ಕವಾಗಿ ಬಿಡಿಸುವುದು, ಒಂದರ ಮೇಲ್ಗಡೆ ಎ, ಇನ್ನೊಂದರ ಮೇಲ್ಗಡೆ ಬಿ. ಎ ಒಂದು. ಬಿ ಮೈನಸ್ ಒಂದು ಬರಬೇಕಿತ್ತು. ನೀನು ಎರಡು ಸಾಲು ಮನಸ್ಸಿನಲ್ಲೇ ಮಾಡಿ ಬರೀ ಒಂದು ಅಂತ ಬರೆದೆ. ಅಲ್ಲಿಗೆ ಲೆಕ್ಕ ಕೆಟ್ಟಿತು. ಪಾರ್ಷಿಯಲ್ ಫ್ರಾಕ್ಷನ್ ಸೆಕೆಂಡ್ ಪಿಯುಸಿಯದು. ಮೈನಸ್ ಕೈಬಿಟ್ಟಿದ್ದಂತೂ ನನ್ನ ಎಂಟನೇ ಕ್ಲಾಸಿನ ಮಕ್ಕಳ ಚಾಳಿ.

ಪಿಯುಸಿಯಲ್ಲಿ ಅಷ್ಟೊಂದು ಮಾರ್ಕ್ಸ್ ತೆಗೆದವಳಿಗೆ ಹೀಗೇಕಾಯ್ತು? ಇಂಜಿನಿಯರಿಂಗ್ ಸೀಟಿಗೆ ಬರೆದ ಸಿಇಟಿ ಮೇಲೆ ನನಗೆ ಅನುಮಾನ. ಮ್ಯಾಥ್ಸಿಗೆ 80 ನಿಮಿಷಕ್ಕೆ 60 ಪ್ರಶ್ನೆ. ಬಿಡಿಸುತ್ತಾ ಕೂತರೆ ಆಗುವುದಿಲ್ಲ. ನಾಲ್ಕು ಆಯ್ಕೆಗಳನ್ನು ಒಂದೊಂದಾಗಿ ಹಾಕಿ ನೋಡು, ಹೊಂದದ್ದನ್ನು ಹೊಡೆದುಹಾಕು ಅಂತ ಕೋಚಿಂಗಿನಲ್ಲಿ ಚೆನ್ನಾಗೇ ಪಳಗಿಸಿದರು. ಸೀಟೂ ಸಿಕ್ಕಿತು. ಈಗ ಆಯ್ಕೆಗಳೇ ಇಲ್ಲದ ಪರೀಕ್ಷೆ. ಸಾಲು ಸಾಲಾಗಿ ಬರೆಯುವ ರೂಢಿ ತಪ್ಪಿಹೋಗಿದೆ, ಅಷ್ಟೇ.

ಇನ್ನೊಂದು ಮಾತು. ಕರೆಂಟಿಗೆ ನಿನ್ನ ಉತ್ತರ ಇ ಪವರ್ ಮೈನಸ್ ಟಿ ಪ್ಲಸ್ ಇ ಪವರ್ ಮೈನಸ್ ಎರಡು ಟಿ. ಟಿ ಅಂದರೆ ಸ್ವಿಚ್ ಹಾಕಿದ ಮೇಲಿನ ಹೊತ್ತು. ಟಿ ಜಾಗಕ್ಕೆ ಸೊನ್ನೆ ಹಾಕು. ಎರಡು ಬರುತ್ತದೆ. ಅಂದರೆ ಸ್ವಿಚ್ ಹಾಕಿದ ಕ್ಷಣದಲ್ಲೇ ಎರಡು ಆಂಪಿಯರ್! ಇಂಡಕ್ಟರ್ ಇದ್ದ ಕಡೆ ಕರೆಂಟ್ ಹಾಗೆ ಒಮ್ಮೆಲೇ ಜಿಗಿಯಲು ಬಿಡುತ್ತದಾ? ಇದನ್ನು ನೀನೇ ನನಗೆ ರಜೆಯಲ್ಲಿ ಪಾಠ ಮಾಡಿದ್ದೆ ಅಲ್ವಾ. ನಡುವಿನ ಪ್ಲಸ್ ಜಾಗಕ್ಕೆ ಮೈನಸ್ ಹಾಕಿ ನೋಡು, ಸೊನ್ನೆ ಬರುತ್ತದೆ. ಸರ್ಕ್ಯೂಟ್ ಗೊತ್ತಿರುವವಳು ನೀನು, ಮಾರ್ಕ್ಸ್ ಹಾಕುವವರು ಹೇಳುವ ಮೊದಲೇ ತಪ್ಪು ಹಿಡಿಯಬಹುದು. ಲೆಕ್ಕ ಒಂದು ಪುಸ್ತಕದಲ್ಲಿ, ಸರ್ಕ್ಯೂಟ್ ಇನ್ನೊಂದು ಪುಸ್ತಕದಲ್ಲಿ ಇಟ್ಟುಕೊಂಡರೆ ಇದು ಕಣ್ಣಿಗೆ ಬೀಳುವುದಿಲ್ಲ.

ಸ್ವಿಚ್ ಹಾಕಿದಾಗ ಸೊನ್ನೆಯಿಂದ ಒಂದಕ್ಕೆ ಏರುವ ನಿಮ್ಮ ಯೂನಿಟ್ ಸ್ಟೆಪ್ ಇದೆಯಲ್ಲ, ಅದನ್ನು ಯಾರ ಹೆಸರಿನಿಂದ ಕರೆಯುತ್ತಾರೋ ಆ ಇಂಗ್ಲೆಂಡಿನ ಹೆವಿಸೈಡ್ 16ಕ್ಕೇ ಸ್ಕೂಲು ಬಿಟ್ಟವನು. ಟೆಲಿಗ್ರಾಫ್ ಆಪರೇಟರ್ ಆಗಿದ್ದ. ವಿದ್ಯುತ್ತು, ಅಯಸ್ಕಾಂತದ ಬಗ್ಗೆ 1873ರಲ್ಲಿ ಬಂದ ವಿಜ್ಞಾನಿ ಮ್ಯಾಕ್ಸ್‌ವೆಲ್‌ನ ಪುಸ್ತಕ ಹಿಡಿದು ಕೂತಾಗ ಅವನಿಗೆ ಸ್ಕೂಲಿನ ಆಲ್ಜೀಬ್ರಾವೂ ಮರೆತುಹೋಗಿತ್ತಂತೆ. ಕೆಳಗಿನಿಂದ ಕಲಿತ. ವರ್ಷಗಟ್ಟಲೆ ಹಿಡಿಯಿತು. ಈಗ ನೀವು ಓದುವ ಮ್ಯಾಕ್ಸ್‌ವೆಲ್‌ನ ನಾಲ್ಕು ಸಮೀಕರಣಗಳಿಗೆ ಆ ರೂಪ ಬಂದಿದ್ದರಲ್ಲಿ ಅವನ ಪಾಲು ದೊಡ್ಡದು. ನಿನಗೆ ವರ್ಷಗಟ್ಟಲೆ ಬೇಡ ಬಿಡು. ಪಾರ್ಷಿಯಲ್ ಫ್ರಾಕ್ಷನ್, ಟ್ರಿಗ್ನಾಮೆಟ್ರಿ ಸೂತ್ರಗಳು, ಇಂಟಿಗ್ರೇಷನ್ನಿನ ಬೈ ಪಾರ್ಟ್ಸ್. ಈ ಮೂರನ್ನು ಪಿಯುಸಿ ಪುಸ್ತಕದಿಂದ ಮತ್ತೆ ಮಾಡು. ಪುಸ್ತಕ ಬಸ್ಸಿನಲ್ಲಿ ಕಳಿಸುತ್ತೇನೆ, ಜೊತೆಗೆ ಚಕ್ಲಿಯೂ ಇದೆ. ಸಾಲ್ವ್ ಮಾಡಿದ ಹಳೇ ಪೇಪರ್ ಸುಮ್ನೆ ನೋಡಿ ನೋಡಿ ಬರೆಯಬೇಡ. ಹಾಗೆ ಬರೆದರೆ ಬಂದ ಹಾಗೆ ಅನಿಸುತ್ತದೆ, ಪರೀಕ್ಷೆಯಲ್ಲಿ ಕೈಕೊಡುತ್ತದೆ.

ಆಮೇಲೆ, ಅದೇ ಸರ್ಕ್ಯೂಟಿನಲ್ಲಿ ಕರೆಂಟ್ ಅತಿ ಜಾಸ್ತಿ ಆಗುವುದು ಯಾವಾಗ ಅಂತ ಕಂಡುಹಿಡಿ. ಅಷ್ಟು ಹೊತ್ತಿಗೆ ಕಾಲು ಆಂಪಿಯರ್ ಇರುತ್ತದೆ. ಎಷ್ಟು ಹೊತ್ತು ಅಂತ ನಾನು ಹೇಳುವುದಿಲ್ಲ. ಎಲ್ಲಾ ಸಾಲೂ ಬರೆದು ಭಾನುವಾರದೊಳಗೆ ಫೋಟೋ ಕಳಿಸು.

ಇಂತಿ,
ನಿನ್ನ ಅಮ್ಮ